ಬುತ್ತಿ ಕಟ್ಟಿಕೊಂಡು ಮೊದಲ ಬಸ್ಸಿಗೆ: ನನ್ನ ತಿರುಗಾಟದ ಅನುಭವ

ತಿರುಗಾಟ ಅಂದರೆ ದೂರ ಹೋಗಬೇಕು, ಅದಕ್ಕೆ ದುಡ್ಡು ಬೇಕು, ವಾರಗಟ್ಟಲೆ ರಜೆ ಬೇಕು ಅಂತ ಬಹಳ ಜನ ಮನೆಯಲ್ಲೇ ಕೂತುಬಿಡುತ್ತಾರೆ. ನಾನು ಹುಬ್ಬಳ್ಳಿಯವನು. ಕಾಶಿ, ದೆಹಲಿ, ಕನ್ಯಾಕುಮಾರಿ ಎಲ್ಲ ನೋಡಿ ಬಂದಿದ್ದೇನೆ, ಖುಷಿಯೂ ಪಟ್ಟಿದ್ದೇನೆ. ಆದರೆ ಹಳೆಯದನ್ನು ನೆನೆಯಲು ಕೂತರೆ ಮೊದಲು ಕಣ್ಣಿಗೆ ಬರುವುದು ಗದಗ, ಹಾವೇರಿ ಕಡೆ ಬೆಳಿಗ್ಗೆ ಹೋಗಿ ರಾತ್ರಿ ಬಂದ ತಿರುಗಾಟಗಳೇ.

ಈ ಹುಚ್ಚು ಹಿಡಿಸಿದವರು ಅಪ್ಪ. ಚಿಕ್ಕವನಿದ್ದಾಗ ಮಳೆಗಾಲದಲ್ಲಿ ಗೋವಾ ಕಡೆ ಹೋಗುವ ರೈಲು ಹತ್ತಿಸಿದ್ದರು. ಆಗಿನ್ನೂ ಮೀಟರ್ ಗೇಜ್, ಅಂದರೆ ಒಂದು ಮೀಟರ್ ಅಗಲದ ಸಣ್ಣ ಹಳಿ. ಲೋಂಡಾ, ತಿನೈಘಾಟ್ ದಾಟಿ ಕ್ಯಾಸಲ್ ರಾಕ್‌ಗೆ ಬಂದರೆ ರೈಲು ಬಹಳ ಹೊತ್ತು ನಿಲ್ಲುತ್ತಿತ್ತು. ಘಟ್ಟ ಇಳಿಯುವ ಮುಂಚೆ ಬ್ರೇಕು ನೋಡಬೇಕು, ಎಂಜಿನ್ ಸೇರಿಸಬೇಕು. ಅಪ್ಪ ನನ್ನನ್ನು ಪ್ಲಾಟ್‌ಫಾರ್ಮಿಗೆ ಇಳಿಸಿ ಅದನ್ನೆಲ್ಲ ತೋರಿಸಿದರು. ಆಮೇಲೆ ದೂಧಸಾಗರ. 300 ಮೀಟರಿಗಿಂತ ಎತ್ತರದಿಂದ ಬೀಳುವ ನೀರು ಕಿಟಕಿಯೊಳಗೇ ಸಿಡಿದು, ಅವ್ವ ಕಟ್ಟಿಕೊಟ್ಟ ಬುತ್ತಿಯೂ ತೋಯ್ದು ಹೋಯಿತು. ಹಸಿ ರೊಟ್ಟಿಯನ್ನೇ ತಿಂದೆವು. ರೈಲಿನ ಬಾಗಿಲ ಹತ್ತಿರದ ಜಾಗದ ಮೇಲೆ ನನಗೆ ಆಸೆ ಹುಟ್ಟಿದ್ದು ಅವತ್ತು.

ನೌಕರಿ ಸೇರಿದ ಮೇಲೆ ರವಿವಾರವೊಂದೇ ನನ್ನದು. ಹಾಗಾಗಿ ಒಂದು ಪದ್ಧತಿ ಮಾಡಿಕೊಂಡೆ. ಮೊದಲ ಬಸ್ಸು ಹಿಡಿಯುವುದು, ಒಂದು ದಿನಕ್ಕೆ ಒಂದೇ ಊರು. ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ನೀರು. ಇವು ಸಂಜೆವರೆಗೂ ಕೆಡುವುದಿಲ್ಲ, ಹೋಟೆಲ್ ಹುಡುಕುತ್ತ ಹೊತ್ತು ಕಳೆಯುವುದೂ ತಪ್ಪುತ್ತದೆ. ಬಸ್ಸು ಇಳಿಯುವ ಮುಂಚೆಯೇ ಕಂಡಕ್ಟರನ್ನು ಕೇಳುವುದು: "ಅಣ್ಣಾರ, ಕಡೀ ಬಸ್ ಎಷ್ಟಕ್ಕೈತ್ರಿ?" "ಆರಕ್ಕ ಒಂದೈತ್ರಿ. ಅದು ತಪ್ಪಿತಂದ್ರ ಮುಂಜಾನೆ ವಸ್ತಿ ಬಸ್ಸೇ ನೋಡ್ರಿ." ಈ ಉತ್ತರ ಸಿಕ್ಕಿತು ಅಂದರೆ ದಿನವಿಡೀ ನಿರಾಳ.

ಹೀಗೆ ನಾನು ಅತಿ ಹೆಚ್ಚು ಹೋದ ಊರು ಲಕ್ಕುಂಡಿ. ಗದಗಿನಿಂದ 11–12 ಕಿ.ಮೀ. ಅಷ್ಟೇ. ಕಾರಿನಲ್ಲಿ ಬಂದವರು ಅರ್ಧ ಗಂಟೆಯಲ್ಲಿ ಎರಡು ಗುಡಿ ನೋಡಿ ಹಂಪಿ ಕಡೆ ಓಡುತ್ತಾರೆ, ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಕಾಶಿವಿಶ್ವನಾಥ ಗುಡಿಯ ಒಂದು ಬಾಗಿಲವಾಡದ ಮುಂದೆಯೇ ಅರ್ಧ ಗಂಟೆ ನಿಲ್ಲಬಹುದು. ಪಟ್ಟಿಯ ಪಕ್ಕ ಪಟ್ಟಿ, ಅದರೊಳಗೆ ಬಳ್ಳಿಯ ಸುರುಳಿ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಆ ಕೆತ್ತನೆಯ ಆಳ ಗೊತ್ತಾಗುತ್ತದೆ, ನಡು ಮಧ್ಯಾಹ್ನ ಎಲ್ಲ ಚಪ್ಪಟೆ ಕಾಣುತ್ತದೆ. ಅಲ್ಲಿ ಶಿವನ ಗುಡಿಗೆ ಎದುರಾಗಿ ಸೂರ್ಯನ ಗುಡಿಯೂ ಇದೆ. ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯಕ್ಕೆ ಸಾವಿರ ವರ್ಷ ದಾಟಿದೆ. ಬಿಸಿಲು ಏರಿದ ಮೇಲೆ ಮುಸುಕಿನ ಬಾವಿಗೆ ಹೋಗಿ ಮೆಟ್ಟಿಲ ನೆರಳಿನಲ್ಲಿ ಕೂತು ಬುತ್ತಿ ನೆನೆಯುವುದು. ನೆನೆಯುವುದಷ್ಟೇ, ಊಟ ಮಾತ್ರ ಹೊರಗೆ ಬಂದು ಮರದ ಕೆಳಗೆ.

ಹಾವೇರಿಯ ಸಿದ್ಧೇಶ್ವರ ಗುಡಿಗೆ ಸಂಜೆ ಹೋಗಬೇಕು. ಅದು ಪಶ್ಚಿಮಕ್ಕೆ ಮುಖ ಮಾಡಿದ ಗುಡಿ. ಹೊತ್ತು ಇಳಿಯುವಾಗ ಮುಂದಿನ ಕಂಬಗಳೆಲ್ಲ ಬೆಳಗುತ್ತವೆ. ಇದು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ, ಬಸ್ಸು ತಡವಾಗಿ ಸಂಜೆ ತಲುಪಿದ್ದರಿಂದ ಕಂಡದ್ದು. ಅಂದಿನಿಂದ ಯಾವ ಗುಡಿಗೆ ಹೊರಟರೂ ಅದು ಯಾವ ದಿಕ್ಕಿಗಿದೆ ಅಂತ ಮೊದಲು ಕೇಳುತ್ತೇನೆ.

ಇನ್ನೊಂದು ರೂಢಿ, ನೋಡಿದ ಊರಿಗೇ ಬೇರೆ ಕಾಲದಲ್ಲಿ ಮತ್ತೆ ಹೋಗುವುದು. ಗಳಗನಾಥದಲ್ಲಿ ವರದಾ ನದಿ ತುಂಗಭದ್ರೆಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಹೋದಾಗ ಮರಳು, ಬಂಡೆ, ನಡುವೆ ಸಣ್ಣ ಹರಿವು. ಅದೇ ಜಾಗಕ್ಕೆ ಆಗಸ್ಟಿನಲ್ಲಿ ಹೋದರೆ ಎರಡೂ ಹೊಳೆ ಕೆಂಪಗೆ ತುಂಬಿ, ಯಾವುದು ಯಾವುದು ಅಂತ ತಿಳಿಯುವುದಿಲ್ಲ. ಬಂಕಾಪುರದ ಕೋಟೆಗೂ ಮಳೆಯ ಆರಂಭದಲ್ಲಿ ಹೋಗಿ, ಅರವತ್ತು ಕಂಬದ ಗುಡಿ ನೋಡುವಾಗ ನವಿಲಿನ ಕೂಗು ಜಾಸ್ತಿ ಕೇಳಿಸುತ್ತದೆ.

ಚಳಿಗಾಲದ್ದು ಬೇರೆಯೇ ಸಂಭ್ರಮ. ಗದಗಿನಿಂದ 26 ಕಿ.ಮೀ. ದೂರದ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಹಕ್ಕಿಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು ನೀರಿಗೆ ಮರಳುತ್ತವೆ, ಹಾಗಾಗಿ ದಂಡೆಯ ಮೇಲೆ ಸದ್ದಿಲ್ಲದೆ ಕಾಯಬೇಕು. ಈ ಡಿಸೆಂಬರಿನಲ್ಲಿ ಮೊಮ್ಮಗಳನ್ನು ಕರೆದುಕೊಂಡು ಹೊರಟಿದ್ದೇನೆ. ಅವಳಿಗೆ ಈಗಾಗಲೇ ದುರ್ಬೀನು ಕೊಡಿಸಿಯಾಗಿದೆ. ಕಾರು ಬೇಡ, ಬಸ್ಸಿನಲ್ಲೇ ಹೋಗೋಣ ಅಂತ ಅವಳೇ ಹಟ ಹಿಡಿದಿದ್ದಾಳೆ.