ಬೆಂಕಿಪೊಟ್ಟಣದ ಮೇಲೆ ಮೊಬೈಲ್, ಏರಿ ಮೇಲೆ ಕೆಂಪು ಬಸ್

ನಾನು ಕೈಯಲ್ಲಿ ಕಟ್ಟಿದ ಪುಟಾಣಿ ಕೆಂಪು ಬಸ್ಸಿನ ಫೋಟೋ ನೋಡಿದವರು ಮೊದಲು ಕೇಳೋದು ಕ್ಯಾಮೆರಾ ಯಾವುದು ಅಂತ. ಹಳೇ ಮೊಬೈಲ್, ಮೂಲೆ ಬೇರೆ ಒಡೆದಿದೆ. ಎರಡನೇ ಪ್ರಶ್ನೆ, ಬಾಡಿ ಇಷ್ಟು ನೀಟಾಗಿ ಹೇಗೆ ಮಾಡಿದ್ರಿ ಅಂತ. ಹತ್ತಿರ ಬಂದು ನೋಡಿದರೆ ನಗ್ತೀರಿ. ಕಿಟಕಿ ಪಟ್ಟಿಗಳು ಸಮ ಇಲ್ಲ, ಹಿಂದಿನ ಬಾಗಿಲ ಹತ್ತಿರ ಪುಟ್ಟಿ ಉಬ್ಬಿದೆ. ಆದರೂ ಫೋಟೋದಲ್ಲಿ ಅದು ಅಪ್ಪಟ ಸರ್ಕಾರಿ ಬಸ್ಸೇ.

ನಮ್ಮ ಗೆಳೆಯರ ಗುಂಪಿನಲ್ಲಿ ಎಲ್ಲ ಥರದವರೂ ಇದ್ದಾರೆ. 1:64 (ಅಂದರೆ ನಿಜದ 64ರಲ್ಲಿ ಒಂದು ಪಾಲು ಅಳತೆಯ) ಲೋಹದ ಡೈಕಾಸ್ಟ್ ಕಾರನ್ನು ಡಬ್ಬಿ ಒಡೆಯದೇ ಕೂಡಿಡುವವರು, 1:72 ವಿಮಾನದ ಕಿಟ್ ಜೋಡಿಸುವವರು, 1:35 ಯುದ್ಧ ಟ್ಯಾಂಕಿಗೆ ಕೆಸರು ಮೆತ್ತುವವರು. ಸನ್‌ಬೋರ್ಡಲ್ಲಿ, ಅಂದರೆ ಅಂಗಡಿ ಬೋರ್ಡ್ ಮಾಡೋ ಹಗುರ ಫೋಮ್ ಹಲಗೆಯಲ್ಲಿ, ಬಸ್ ಕಟ್ಟೋ ಹುಚ್ಚು ನನಗೂ ಇನ್ನೊಬ್ಬರಿಗೂ. ನಾನು ಬಸ್ಸನ್ನು ಹೊರಗೆ ಬಿಸಿಲಲ್ಲಿಟ್ಟು ನಿಜವಾದ ಗುಡ್ಡದ ಮುಂದೆ ಫೋಟೋ ತೆಗೀತೀನಿ ಅಂದಾಗ ಯಾರೂ ನಂಬಲಿಲ್ಲ. 'ಮೊಬೈಲಲ್ಲಿ ಆಟದ ಸಾಮಾನು ಆಟದ ಸಾಮಾನಿನ ಹಾಗೇ ಕಾಣೋದು ಮಾರಾಯ' ಅಂದರು ಟ್ಯಾಂಕಿನವರು. ಮೊದಲು ಡೀಟೇಲಿಂಗ್ ಕಲಿ ಅನ್ನೋ ಬುದ್ಧಿಮಾತು ಬೇರೆ.

ಅಮೆರಿಕದ ಮೈಕೆಲ್ ಪಾಲ್ ಸ್ಮಿತ್ ಎಲ್ಗಿನ್ ಪಾರ್ಕ್ ಅನ್ನೋ ಇಲ್ಲದ ಊರನ್ನೇ 1:24 ಕಾರುಗಳಿಂದ ಹೀಗೆ ಹುಟ್ಟಿಸಿದ್ದು, ಅದೂ ಜೇಬಿಗೆ ಹೋಗುವ ಸಾಧಾರಣ ಕ್ಯಾಮೆರಾದಲ್ಲಿ. ಅದನ್ನು ಹೇಳಿದರೆ 'ಅವರದ್ದು ಕಂಪನಿ ಕಾರು, ನಿನ್ನದು ಬೋರ್ಡ್ ಅಂಗಡಿ ಚೂರು' ಅಂದರು. ಸರಿ, ಚೂರಲ್ಲೇ ತೋರಿಸೋಣ ಅಂತ ಕೂತೆ.

1:24 ಯಾಕೆ ಅಂದರೆ ಲೆಕ್ಕ ಸುಲಭ. ಬಸ್ಸನ್ನು ಲೆನ್ಸಿನಿಂದ 1 ಮೀಟರ್ ದೂರ ಇಟ್ಟರೆ ಅದು 24 ಮೀಟರ್ ದೂರದ ನಿಜವಾದ ಬಸ್ಸಿನಷ್ಟು ಕಾಣುತ್ತೆ. 1:64ರಲ್ಲಿ ಅಷ್ಟೇ ದೊಡ್ಡದಾಗಿ ಕಾಣಬೇಕಾದರೆ ಸುಮಾರು 37 ಸೆಂಟಿಮೀಟರಿನಷ್ಟು ಹತ್ತಿರ ಹೋಗಬೇಕು, ಆಗ ಗುಡ್ಡ ಫೋಕಸ್ಸಿಗೆ ಸಿಗಲ್ಲ. ನನ್ನ ಬಸ್ 46 ಸೆಂಟಿಮೀಟರ್ ಉದ್ದ, ಅಂದರೆ ನಿಜದಲ್ಲಿ 11 ಮೀಟರ್ ಗಾಡಿ.

ಬಾಡಿ ಬಗ್ಗೆ ಜಾಸ್ತಿ ಹೇಳಲ್ಲ, ನಿಮಗೆಲ್ಲ ಗೊತ್ತಿರೋದೇ. 3 ಎಂಎಂ ಸನ್‌ಬೋರ್ಡ್, ಫ್ಲೋರಿಗೆ 5 ಎಂಎಂ. ಮೊದಲ ಬಾಡಿ ಹಾಳಾಗಿದ್ದು ಗ್ಲಾಸಿನಿಂದ. ಓಎಚ್‌ಪಿ ಶೀಟನ್ನು (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಫೆವಿಕ್ವಿಕ್ ಹಾಕಿ ಕೂರಿಸಿ, ಮಾರನೇ ದಿನ ನೋಡಿದರೆ ಕಿಟಕಿಗಳೆಲ್ಲ ಬೆಳ್ಳಗೆ. ಆ ಗಮ್ಮಿನ ಆವಿ ಹತ್ತಿರದ ಪ್ಲಾಸ್ಟಿಕ್ ಮೇಲೆ ಕೂತು ಹಾಗಾಗುತ್ತೆ, ಒರೆಸಿದರೆ ಹೋಗಲ್ಲ. ಈಗ ಗ್ಲಾಸಿಗೆ ಬರೀ ಫೆವಿಕಾಲ್. ನಿಧಾನ, ಆದರೆ ಒಣಗಿದ ಮೇಲೆ ಕಾಣಲ್ಲ. ಎರಡನೇ ಬಾಡಿಯನ್ನು ತಿಂದಿದ್ದು ಮಳೆಗಾಲ. ಜುಲೈ ತಿಂಗಳಲ್ಲಿ ಚಿಕ್ಕಮಗಳೂರಿನ ಗಾಳಿಯಲ್ಲಿ ಕೆಂಪು ಸ್ಪ್ರೇ ಹೊಡೆದರೆ ಬೂದಿ ಬಳಿದ ಹಾಗೆ ಮಂಕಾಗಿ ಕೂತಿತು. ಆಮೇಲೆ ಪೇಂಟಿಂಗ್ ಕೆಲಸವೆಲ್ಲ ಜನವರಿಯಿಂದ ಏಪ್ರಿಲ್ ಒಳಗೇ.

ದುಡ್ಡು? ಆ ಎರಡು ಬಾಡಿಗಳಿಗೆ ಹೋದದ್ದು ಸುಮಾರು 4,000. ಅದರ ಮಧ್ಯೆ ಯಾರೋ ಹೇಳಿದರು ಅಂತ ಏರ್‌ಬ್ರಷ್ ಮತ್ತು ಸಣ್ಣ ಕಂಪ್ರೆಸರ್ ತಗೊಂಡೆ, ಆರೂವರೆ ಸಾವಿರ ಇರಬೇಕು. ಈಗ ಅದರಿಂದ ಹೊಲಿಗೆ ಮಷೀನಿನ ಧೂಳು ಊದ್ತಾರೆ ನಮ್ಮ ಮನೆಯವರು. ಮೂರನೇ ಬಸ್, ಈಗ ಫೋಟೋದಲ್ಲಿ ಇರೋದು, 2,000ದ ಆಸುಪಾಸಲ್ಲಿ ಮುಗೀತು. ಅದರಲ್ಲಿ ಸ್ಪ್ರೇ ಡಬ್ಬಿಗೇ ಅರ್ಧ. ಗಂಡಭೇರುಂಡ, ಕ.ರಾ.ರ.ಸಾ.ನಿ ಅಕ್ಷರ, ಕೆಎ-18 ಎಫ್ ನಂಬರು ಎಲ್ಲ ರೇಡಿಯಂ ಕಟಿಂಗ್ ಅಂಗಡಿಯಲ್ಲಿ. ಇಷ್ಟು ಸಣ್ಣ ಅಕ್ಷರ ಕಟ್ ಆಗಲ್ಲ ಅಂತ ಹುಡುಗ ಹಟ ಮಾಡಿದ. ಬ್ಲೇಡ್ ಹೊಸದು ಹಾಕಿ ನಿಧಾನಕ್ಕೆ ಬಿಟ್ಟು ನೋಡು ಅಂದೆ, ಬಂತು.

ಟಯರ್ ಎಲ್ಲಿಂದ ಅಂತ ಬಹಳ ಜನ ಕೇಳಿದ್ದಾರೆ. ಅದೊಂದು ನನ್ನ ಹತ್ತಿರವೇ ಇರಲಿ. ಅಡುಗೆಮನೆಗೆ ಬೇಕಾದ ಯಾವುದೋ ಸಾಮಾನಿನ ಒಳಗೆ 44 ಎಂಎಂ ರಬ್ಬರ್ ಇದೆ, ಹುಡುಕಿ. ರಿಮ್ಮಿಗೆ ಮಾತ್ರ ಚನ್ನಪಟ್ಟಣಕ್ಕೆ ಹೋಗಿ ಆಲೆ ಮರದಲ್ಲಿ ಕಡೆಸಿ ನೋಡಿದೆ. ಕಡೆದದ್ದು ಏನು ಚೆಂದ ಅಂತೀರಿ! ಆದರೆ ಅರಗಿನ ಹೊಳಪಿಗೆ ಸರ್ಕಾರಿ ಬಸ್ಸು ಮದುವಣಗಿತ್ತಿ ಆಗಿಬಿಟ್ಟಿತು. ಅವು ಈಗ ಮಗನ ಆಟದ ಗಾಡಿಗೆ.

ಇನ್ನು ಮುಖ್ಯ ವಿಷಯ. ಮೊದಲು ಮನೆ ಅಂಗಳದಲ್ಲೇ ಪ್ರಯತ್ನ ಮಾಡಿದೆ. ಬಸ್ಸಿನ ಹಿಂದೆ ಐದಾರು ಅಡಿ ದೂರದಲ್ಲಿ ದಾಸವಾಳದ ಗಿಡ ಇತ್ತು. ಫೋಟೋದಲ್ಲಿ ಅದು ಆಲದ ಮರದಷ್ಟು ದೊಡ್ಡದಾಗಿ, ಒಂದೊಂದು ಎಲೆ ಬಸ್ಸಿನ ಕಿಟಕಿಯಷ್ಟಾಗಿ ಬಂತು. ಹಿಂದೆ ಕಾಣೋದೆಲ್ಲ ಕನಿಷ್ಠ 24 ಮೀಟರ್ ಆಚೆ ಇರಬೇಕು. ಮಧ್ಯದಲ್ಲಿ ಒಂದು ಹುಲ್ಲುಕಡ್ಡಿ ಕಂಡರೂ ಕೆಲಸ ಕೆಟ್ಟಿತು. ಇಂಥ ಜಾಗ ಊರೊಳಗೆ ಸಿಗಲ್ಲ. ಹುಡುಕಿ ಹುಡುಕಿ ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆ ಏರಿಗೆ ಹೋದೆ. ಎದುರಿಗೆ ನೀರು, ಹಿಂದೆ ಶಕುನಗಿರಿ, ಮಧ್ಯೆ ಏನೂ ಇಲ್ಲ.

ಅಲ್ಲಿಗೆ ಮದುವೆ ಫೋಟೋ ತೆಗೆಯೋ ಗೆಳೆಯ ದೊಡ್ಡ ಕ್ಯಾಮೆರಾ ತಂದ. 50 ಎಂಎಂ ಲೆನ್ಸ್, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) 16ಕ್ಕೆ ಇಳಿಸಿದರೂ ಗುಡ್ಡ ಕರಗಿ ಹೋಯಿತು. ಹಿಂದೆ ಮಸುಕಾದರೆ ಕಣ್ಣು ತಕ್ಷಣ ಹೇಳುತ್ತೆ, ಇದು ಸಣ್ಣ ವಸ್ತು ಅಂತ. ವೈಡ್ ಲೆನ್ಸ್ ಇದ್ದಿದ್ದರೆ ಆಗ್ತಿತ್ತೋ ಏನೋ, ಅದರ ಬಾಡಿಗೆ ಕೊಡೋಕೆ ನನಗೆ ಮನಸ್ಸಿರಲಿಲ್ಲ. ಮೊಬೈಲಿನ ಲೆನ್ಸ್ ಸಣ್ಣದು, ಸೆನ್ಸರ್ ಸಣ್ಣದು, ಹತ್ತಿರದ್ದು ದೂರದ್ದು ಎರಡನ್ನೂ ಹಿಡಿದುಕೊಳ್ಳುತ್ತೆ. ಹೊಸ ದುಬಾರಿ ಫೋನಿಗಿಂತ ಹಳೇದರಲ್ಲೇ ಇದು ಚೆನ್ನಾಗಿ ಬರುತ್ತೆ. ಪೋರ್ಟ್ರೇಟ್ ಮೋಡ್ ಕಡೆ ಮಾತ್ರ ತಲೆ ಹಾಕಬೇಡಿ. ಫೋಕಸ್ಸನ್ನು ಬಸ್ಸಿನ ಮೇಲೆ ಇಡಬೇಡಿ. ಬಸ್ಸಿನ ಹಿಂದೆ ಸ್ವಲ್ಪ ದೂರದಲ್ಲಿ ಒಂದು ಕಲ್ಲಿಟ್ಟು, ಅದರ ಮೇಲೆ ಒತ್ತಿ ಹಿಡಿದು ಲಾಕ್ ಮಾಡಿ, ಕಲ್ಲು ತೆಗೆದುಬಿಡಿ.

ಇದಕ್ಕಿಂತ ದೊಡ್ಡ ವಿಷಯ ಲೆನ್ಸಿನ ಎತ್ತರ. ರಸ್ತೆ ಪಕ್ಕ ನಿಂತ ಮನುಷ್ಯನ ಕಣ್ಣು ನೆಲದಿಂದ 1.6 ಮೀಟರ್ ಇರುತ್ತೆ. 24ರಿಂದ ಭಾಗಿಸಿ, ಆರೂವರೆ ಸೆಂಟಿಮೀಟರ್ ಚಿಲ್ಲರೆ. ಮೊಬೈಲ್ ನೆಟ್ಟಗೆ ಹಿಡಿದರೆ ಲೆನ್ಸ್ ಮೇಲೆಲ್ಲೋ ಇರುತ್ತೆ. ಅದಕ್ಕೆ ತಲೆಕೆಳಗು ಮಾಡಿದೆ. ಎರಡು ಬೆಂಕಿಪೊಟ್ಟಣ ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಮೊಬೈಲಿನ ತಲೆ ಇಟ್ಟು, ಬೆನ್ನಿಗೆ ಇಟ್ಟಿಗೆ ಒರಗಿಸಿ, ಟೈಮರ್ ಹಾಕಿದೆ. ಎತ್ತರ ಕರಾರುವಾಕ್ಕಾಗಿ ಬಂತು. ಒಂದೇ ಒಂದು ಇಂಚು ಮೇಲೆ ಹೋದರೂ ಬಸ್ಸಿನ ಟಾಪ್ ಹತ್ತಿರ ಬಂದ ಹಾಗಾಗಿ ಆಟದ ಸಾಮಾನು ಆಗಿಬಿಡುತ್ತೆ.

ರಸ್ತೆಗೆ ನಾಲ್ಕಡಿ ಪ್ಲೈವುಡ್ ಮೇಲೆ ಕಪ್ಪು ಎಮರಿ ಶೀಟ್. ಅಂಚಿಗೆ ಮಣ್ಣು ಹಾಕಬೇಕಲ್ವಾ? ಅಲ್ಲಿಯ ಮರಳನ್ನೇ ಹಾಕಿದರೆ ಒಂದೊಂದು ಕಾಳು ಜಲ್ಲಿಕಲ್ಲಾಗಿ ಕಾಣುತ್ತೆ. ಮನೆಯಲ್ಲಿ ಹಳೇ ಪಂಚೆಯಲ್ಲಿ ಸೋಸಿದ ಧೂಳು ಒಂದು ಡಬ್ಬಿ ತಗೊಂಡು ಹೋಗ್ತೀನಿ. ಬಸ್ಸಿನ ಒಳಗೆ ಮುಷ್ಟಿಯಷ್ಟು ಕಬ್ಬಿಣದ ನಟ್ಟು ಇದೆ. ಭಾರಕ್ಕೆ ಟಯರ್ ತಳ ಸ್ವಲ್ಪ ಚಪ್ಪಟೆ ಆಗುತ್ತೆ, ಗಾಳಿಗೂ ಬೀಳಲ್ಲ. ನಟ್ಟು ಹಾಕೋ ಮೊದಲು ಒಂದು ಲಾರಿ ಹಾದ ಗಾಳಿಗೆ ಬಸ್ ಕೆರೆ ಏರಿಯ ಇಳಿಜಾರಿಗೆ ಉರುಳಿ, ಬಲಗಡೆ ಕನ್ನಡಿ ಹೋಯಿತು. ಫೋಟೋ ಎಲ್ಲ ಎಡಗಡೆಯಿಂದಲೇ ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಮೊದಲ ಒಳ್ಳೆ ಫೋಟೋವನ್ನು ನಮ್ಮ ಬೀದಿಯ ನಿವೃತ್ತ ಡಿಪೋ ಮೆಕ್ಯಾನಿಕ್ ಒಬ್ಬರಿಗೆ ಏನೂ ಹೇಳದೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. 'ಈ ಗಾಡಿ ಏರಿ ಮೇಲೆ ಯಾಕಪ್ಪ ನಿಲ್ಸಿದ್ದಾರೆ, ಬ್ರೇಕ್‌ಡೌನಾ?' ಅಂದರು. ಮತ್ತೆ ದಿಟ್ಟಿಸಿ, 'ವೈಪರ್ ಒಂದೇ ಇದೆ, ಇದನ್ನ ಲೈನಿಗೆ ಬಿಟ್ಟೋರು ಯಾರು?' ಅಂತ ಸಿಟ್ಟಾದರು. ಎರಡನೇ ವೈಪರ್ ಹಾಕಲು ನನಗೆ ಗುಂಡುಸೂಜಿ ಸಿಕ್ಕಿರಲಿಲ್ಲ ಅಷ್ಟೇ. ಟ್ಯಾಂಕಿನವರಿಗೆ ಈ ಕಥೆ ಎಷ್ಟು ಸಲ ಹೇಳಿದ್ದೀನೋ ಲೆಕ್ಕ ಇಲ್ಲ.

ಬೇರೆ ಪ್ರಯೋಗಗಳೂ ಆದವು. ಮಳೆ ಸೀನ್ ಬೇಡವೇ ಬೇಡ, ನೀರಿನ ಹನಿ ಸಣ್ಣದಾಗಲ್ಲ, ಬಾನೆಟ್ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ ಕೂರುತ್ತೆ. ಮಂಜಿಗೆ ಸಾಂಬ್ರಾಣಿ ಹಾಕಿದೆ, ಹೊಗೆ ಓಡೋ ವೇಗಕ್ಕೇ ಗುಟ್ಟು ಬಯಲು. ರಾತ್ರಿ ಹೆಡ್‌ಲೈಟಿಗೆ 3 ಎಂಎಂ ಎಲ್‌ಇಡಿ ಹಾಕಿದರೆ ಸನ್‌ಬೋರ್ಡ್ ಮೂಲಕವೇ ಬೆಳಕು ಸೋರಿ ಇಡೀ ಮೂತಿ ಗುಲಾಬಿ ಬಣ್ಣಕ್ಕೆ ತಿರುಗಿತು. ಒಳಗೆ ಎರಡು ಕೋಟ್ ಕಪ್ಪು ಬಳಿದ ಮೇಲೆ ಸರಿ ಹೋಯಿತು.

ಫೋಟೋ ನೋಡಿ ಒಬ್ಬರು 9,000ಕ್ಕೆ ಅಂಥದ್ದೇ ಒಂದು ಮಾಡಿಸಿಕೊಂಡರು. ಇನ್ನೊಬ್ಬರು 1960ರ ದಶಕದ ಗಾಡಿಯ ಮೇಲೆ ಕ.ರಾ.ರ.ಸಾ.ನಿ ಅಂತ ಬರೆದುಕೊಡಿ ಅಂದರು. 1948ರಲ್ಲಿ ಶುರುವಾಗಿದ್ದು ಮೈಸೂರು ಸರ್ಕಾರದ ಇಲಾಖೆ, 1961ರಲ್ಲಿ ನಿಗಮ ಆದಾಗಲೂ ಹೆಸರು ಮೈಸೂರಿನದ್ದೇ, ಕರ್ನಾಟಕ ಅಂತ ಬಂದಿದ್ದು 1973ರಲ್ಲಿ. ಹೇಳಿದರೂ ಒಪ್ಪಲಿಲ್ಲ, ನಾನೂ ಬಿಟ್ಟೆ.

ಈಗ ಟೇಬಲ್ ಮೇಲೆ ಐರಾವತ ವೋಲ್ವೋ ಇದೆ. ಮುಂದಿನ ಗ್ಲಾಸಿನ ಬಾಗು ಓಎಚ್‌ಪಿ ಶೀಟಲ್ಲಿ ಬರ್ತಿಲ್ಲ. ಎರಡು ಲೀಟರ್ ಕೂಲ್‌ಡ್ರಿಂಕ್ಸ್ ಬಾಟಲಿಯ ಹೊಟ್ಟೆ ಭಾಗ ಕತ್ತರಿಸಿ, ಮರದ ಅಚ್ಚಿನ ಮೇಲೆ ಬಿಸಿಗಾಳಿ ಊದೋ ಹಾಟ್ ಗನ್ ಹಿಡಿದು ಸೆಳೀತಿದ್ದೀನಿ. ಇಲ್ಲಿಯವರೆಗೆ ಎಲ್ಲ ಬಾಟಲಿಯೂ ಎಡಗಡೆ ಮೂಲೆಯಲ್ಲೇ ಸುಕ್ಕಾಗ್ತಿವೆ. ಅಚ್ಚಿಗೆ ಪೌಡರ್ ಹಾಕಿ ನೋಡ್ಬೇಕು.