ತಲೆ ಆಪರೇಷನ್ ಆದವರ ಕಾಲಿನ ಮೇಲೂ ಕಣ್ಣಿರಲಿ

ಎಲ್ಲರಿಗೂ ಶರಣು. ನಮ್ಮ ಕಾಕಾಗೆ ಹೈದರಾಬಾದಿನಲ್ಲಿ ಮೆದುಳಿನ ಆಪರೇಷನ್ ಆಯ್ತು, ಈಗ ಕಲಬುರಗಿಯ ಮನೆಯಲ್ಲಿದ್ದಾರೆ. ನಾವೆಲ್ಲ ತಲೆಯ ಗಾಯವನ್ನೇ ನೋಡುತ್ತಾ ಕೂತಿದ್ದೆವು, ಕಾಲು ನೋಡಿ ಅಂತ ಹೇಳಿದವರು ಅಲ್ಲಿನ ಒಬ್ಬ ನರ್ಸ್. ಮಲಗೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಗಡ್ಡೆ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಸ್ವಾಧೀನ ಕಮ್ಮಿ ಇರುವ ಕಾಲಿಗೆ ಈ ಭಯ ಇನ್ನೂ ಜಾಸ್ತಿ.

ಎಚ್ಚರ ಇದ್ದಾಗ ತಾಸಿಗೊಮ್ಮೆ ಪಾದವನ್ನು ಮೇಲೆ ಕೆಳಗೆ 10 ಸಲ ಆಡಿಸಲು ಹೇಳಿ. ಡಾಕ್ಟರ್ ಹೂಂ ಅಂದ ದಿನವೇ ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸಿ. ಬಿಗಿ ಸಾಕ್ಸ್ ಕೊಟ್ಟಿದ್ದರೆ ನಮ್ಮ ಊರಿನ ಬಿಸಿಲಿಗೆ ಸೆಕೆ ಅಂತ ಸುಮ್ನೆ ತೆಗೆದಿಡಬೇಡಿ, ಮಡಿಕೆ ಬೀಳದಂತೆ ಹಾಕಿ, ದಿನಾ ಒಮ್ಮೆ ತೆಗೆದು ಚರ್ಮ ಕೆಂಪಾಗಿದೆಯಾ ನೋಡಿ. ನೀರು ಎಷ್ಟು ಕುಡಿಸಬೇಕು ಅಂತ ಕೇಳಿಕೊಳ್ಳಿ.

ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಇಂಜೆಕ್ಷನ್ ಕೊಡುತ್ತಾರೆ, ಆದರೆ ತಲೆಯೊಳಗೆ ರಕ್ತ ಸೋರುವ ಭಯವೂ ಇರುತ್ತೆ ಅಲ್ವಾ, ಹಾಗಾಗಿ ಯಾವಾಗ ಶುರು ಮಾಡಬೇಕು ಅನ್ನೋದು ಆಪರೇಷನ್ ಮಾಡಿದ ಡಾಕ್ಟರಿಗೇ ಬಿಟ್ಟದ್ದು. ಮೆಡಿಕಲ್‌ನಿಂದ ನೀವೇ ಆಸ್ಪಿರಿನ್ ತಂದು ಕೊಡಬೇಡಿ, ದಯವಿಟ್ಟು.

ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದ್ದಕ್ಕಿದ್ದಂತೆ ಏದುಸಿರು ಬಂದರೆ, ಎದೆ ನೋವು ಅಂದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ.