ಕೇಬಲ್ಲಿಗೆ ತುಂಗಾ, ವೈಫೈಗೆ ಭದ್ರಾ

ನಮ್ಮೂರು ಶಿವಮೊಗ್ಗ ಕಡೆ, ಹಂಗಾಗಿ ಮನೆ ಕಂಪ್ಯೂಟರ್‌ಗಳಿಗೆಲ್ಲ ನದಿ ಹೆಸರೇ. ಫೋಟೋ ಬ್ಯಾಕಪ್‌ಗೆ ಅಂತ ಲಿನಕ್ಸ್ ಹಾಕಿ ಇಟ್ಟಿರೋ ಲ್ಯಾಪ್‌ಟಾಪ್ ಹೆಸರು ತುಂಗಭದ್ರಾ. ತೆಳ್ಳಗಿನದು, ನೆಟ್‌ವರ್ಕ್ ಕೇಬಲ್ ಪೋರ್ಟೇ ಇಲ್ಲ, ಯುಎಸ್‌ಬಿ ಡಾಂಗಲ್ ಅನ್ನೋ ಬಿಳಿ ಡಬ್ಬಿ ಹಾಕಿ ಕೇಬಲ್ ಚುಚ್ಚಿದೀನಿ.

ಒಂದಿನ ಸಂಜೆ ಪ್ರಿಂಟರ್ ಸೆಟಪ್‌ಗೆ ಅಂತ ಅದರ ವೈಫೈ ಸ್ವಲ್ಪ ಹೊತ್ತು ಆನ್ ಮಾಡಿ ಆಫ್ ಮಾಡ್ದೆ. ರಾತ್ರಿ ಬ್ಯಾಕಪ್ ಫೇಲು. ಲ್ಯಾಪ್‌ಟಾಪ್ ಕಣ್ಮುಂದೆ ಇದೆ, ಡಾಂಗಲ್ ಲೈಟ್ ಮಿನುಗ್ತಿದೆ, ಆದ್ರೆ ಹೆಸರಿಂದ ಪಿಂಗ್ ಮಾಡಿದ್ರೆ (ಇದೀಯಾ ಅಂತ ನೆಟ್‌ವರ್ಕಲ್ಲಿ ಕೂಗಿದ್ರೆ) ಉತ್ತರನೇ ಇಲ್ಲ. ಬೆಳಿಗ್ಗೆ ನೋಡಿದ್ರೆ ತಾನಾಗೇ ಸರಿ! ಇಂಥ ತಾನಾಗೇ ಸರಿಹೋಗೋ ತೊಂದ್ರೆ ಕಂಡ್ರೇನೇ ನಂಗೆ ಭಯ.

ಆಗಿದ್ದು ಇಷ್ಟೆ. ಮೆಷಿನ್ ಒಂದೇ ಆದ್ರೂ ಕೇಬಲ್ಲಿಗೊಂದು ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಹಾರ್ಡ್‌ವೇರಿನ ಗುರುತಿನ ನಂಬರ್), ವೈಫೈಗೊಂದು, ರೂಟರ್ ಲೆಕ್ಕದಲ್ಲಿ ಅವು ಬೇರೆ ಬೇರೆ ಗಿರಾಕಿ, ಎರಡೂ ಬಂದು ನನ್ ಹೆಸರು ತುಂಗಭದ್ರಾ ಅಂತಾವೆ. ನನ್ನ ರೂಟರಲ್ಲಿರೋದು ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಸಾಫ್ಟ್‌ವೇರ್, ಅದರಲ್ಲಿ ಐಪಿ (ನೆಟ್‌ವರ್ಕ್ ವಿಳಾಸ), ಹೆಸರು ಎರಡನ್ನೂ ನೋಡ್ಕೊಳ್ಳೋ ಡಿಎನ್‌ಎಸ್‌ಮಾಸ್ಕ್ ಕೊನೇಲಿ ಕೇಳಿದೋರಿಗೆ ಹೆಸರು ಕೊಟ್ಟುಬಿಡುತ್ತೆ. ಹೆಸರು ವೈಫೈ ಐಪಿ 192.168.1.41ಕ್ಕೆ ಹೋಗಿ ಕೂತಿತ್ತು, ವೈಫೈ ಆಫ್ ಆದ್ರೂ ಅಲ್ಲೇ. ಲೀಸ್, ಅಂದ್ರೆ ರೂಟರ್ ಐಪಿ ಕೊಡೋ ಅವಧಿ, 12 ಗಂಟೆದು, ಅರ್ಧ ಟೈಮ್ ಆದಾಗ ಅಂದ್ರೆ 6 ಗಂಟೆ ಕಳೆದ್ಮೇಲೆ ಕೇಬಲ್ ಮತ್ತೆ ರಿನ್ಯೂ ಮಾಡ್ಕೊಂಡು ಹೆಸರು ವಾಪಸ್ ಕಿತ್ಕೊಳ್ತು.

ಇದನ್ನ ಸರಿಮಾಡೋಕೆ ಮೊದಲು ರೂಟರಲ್ಲಿ ಎರಡು ಮ್ಯಾಕ್‌ಗೂ ಒಂದೇ ಐಪಿ ಬರೆದೆ. ಅದಕ್ಕೆ ಅವಕಾಶ ಇದೆ, ಆದ್ರೆ ಒಂದು ಟೈಮಿಗೆ ಒಂದೇ ಆನ್ ಇರ್ಬೇಕು, ಇಲ್ಲಾಂದ್ರೆ ಡೇಂಜರ್ ಅಂತ ಡಿಎನ್‌ಎಸ್‌ಮಾಸ್ಕ್ ಮ್ಯಾನ್ಯುಯಲಲ್ಲೇ ಇದೆ, ನಾನದನ್ನ ಓದಿದ್ದು ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗೋ ಕನೆಕ್ಷನ್) ನಾಕು ಸಲ ಕಟ್ ಆದ್ಮೇಲೆ.

ಆಮೇಲೆ ಹೊಳೀತು, ತುಂಗಾ, ಭದ್ರಾ ಸೇರೋ ಕೂಡ್ಲಿ ತನಕ ಎರಡು ಹೊಳೆಗೂ ಬೇರೆ ಹೆಸರೇ ಇದೆಯಲ್ಲ ಅಂತ. ಈ ಮ್ಯಾಕ್‌ಗೆ ಇದೇ ಅಂತ ರೂಟರಲ್ಲಿ ಬರೆದಿಡೋ ಸ್ಟಾಟಿಕ್ ಲೀಸಲ್ಲಿ ಕೇಬಲ್ ಮ್ಯಾಕ್‌ಗೆ ತುಂಗಾ, ವೈಫೈ ಮ್ಯಾಕ್‌ಗೆ ಭದ್ರಾ, ಐಪಿನೂ ಬೇರೆ ಬೇರೆ. ಮೆಷಿನ್ ತನ್ನ ಹೆಸರು ಏನೇ ಹೇಳ್ಕೊಳ್ಳಲಿ, ಲೀಸಲ್ಲಿ ನಾವು ಬರೆದಿದ್ದೇ ಗೆಲ್ಲೋದು. ತುಂಗಭದ್ರಾ ಅನ್ನೋದು ಈಗ ಕಮಾಂಡ್ ಟೈಪ್ ಮಾಡೋ ಪ್ರಾಂಪ್ಟಲ್ಲಿ ಕಾಣೋಕೆ ಮಾತ್ರ. ಬ್ಯಾಕಪ್ ತುಂಗಾನೇ ಹುಡುಕುತ್ತೆ, ಸಿಗದಿದ್ರೆ ನಿಲ್ಲುತ್ತೆ, 60 ಜಿಬಿ ವೈಫೈಲಿ ಎಳ್ಯೋದು ಬೇಡ.

ಎರಡು ವಾರ ಆರಾಮಿತ್ತು, ಮತ್ತೆ ಫೇಲು. "ರೀ, ನಿಮ್ಮ ಆ ಬಿಳಿ ಡಬ್ಬಿ ನಾನೇ ತಗೊಂಡಿದೀನಿ, ಮೀಟಿಂಗ್ ಇತ್ತು" ಅಂದ್ಳು ನಮ್ಮನೆಯವಳು. ಮ್ಯಾಕ್ ಇರೋದು ಡಾಂಗಲ್ಲಲ್ಲಿ, ಹಂಗಾಗಿ ಅವಳ ಆಫೀಸ್ ಲ್ಯಾಪ್‌ಟಾಪೇ ತುಂಗಾ ಆಗಿತ್ತು. ಡಬ್ಬಿ ಮೇಲೆ ಸ್ಕೆಚ್ ಪೆನ್ನಲ್ಲಿ ತುಂಗಾ ಅಂತ ಬರೆದೆ, ಅವಳಿಗೆ ಇನ್ನೊಂದು ತಂದ್ಕೊಟ್ಟೆ, ಅದು ವರದಾ.